ದಾರಕ್ಕೆ ಕಟ್ಟಿದ ಪೆನ್ಸಿಲ್

ಡಿಸೆಂಬರ್ 13, 2019

ನಿನ್ನೆ ಡ್ಯೂಟಿ ಮುಗಿಸಿ ಮಳೆಯಲ್ಲೇ ಮತ ಹಾಕಿ ಬಂದೆ. ಭಾರತದಂಥ ಕಾಮನ್‌ವೆಲ್ತ್ ದೇಶದವರು ಇಲ್ಲಿ ನೆಲೆಸಿದ್ದರೆ ಬ್ರಿಟನ್ ಚುನಾವಣೆಯಲ್ಲಿ ಮತ ಹಾಕಬಹುದು. ಬೆರಳಿಗೆ ಶಾಯಿ ಇಲ್ಲ, ಒತ್ತಲು ಬಟನ್ ಇಲ್ಲ. ಒಂದು ಚೀಟಿ, ದಾರಕ್ಕೆ ಕಟ್ಟಿದ ಗಿಡ್ಡ ಪೆನ್ಸಿಲ್, ಅಷ್ಟೇ. ನಮ್ಮ ಆಸ್ಪತ್ರೆ ವಾರ್ಡಿನ ನರ್ಸ್ ಯುರೋಪ್ ಒಕ್ಕೂಟದ ರೊಮೇನಿಯಾದವಳು, ಅವಳಿಗೆ ಈ ಹಕ್ಕಿಲ್ಲ. ಆದರೆ ಈ ಫಲಿತಾಂಶದ ಬಿಸಿ ನನಗಿಂತ ಜಾಸ್ತಿ ತಟ್ಟುವುದು ಅವಳಿಗೇ.

ಪ್ರಧಾನಿ ಬೋರಿಸ್ ಜಾನ್ಸನ್ ಅವರ ಕನ್ಸರ್ವೇಟಿವ್ ಪಕ್ಷಕ್ಕೆ 650ರಲ್ಲಿ 365 ಸೀಟು. ಮಾಜಿ ಪ್ರಧಾನಿ ಟೋನಿ ಬ್ಲೇರ್ ಗೆದ್ದು ಬರುತ್ತಿದ್ದ ಸೆಡ್ಜ್‌ಫೀಲ್ಡ್ ಕ್ಷೇತ್ರ ಕೂಡ ಅವರ ಲೇಬರ್ ಪಕ್ಷದ ಕೈತಪ್ಪಿತು. ಇನ್ನು ಜನವರಿ 31ಕ್ಕೆ ಯುರೋಪ್ ಒಕ್ಕೂಟದಿಂದ ಹೊರಬರುವುದನ್ನು ತಡೆಯುವವರಿಲ್ಲ. ಮೂರೂವರೆ ವರ್ಷದ ಜಗ್ಗಾಟ ಮುಗಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟವರನ್ನು ಇವತ್ತು ಬಸ್ಸಿನಲ್ಲೇ ನೋಡಿದೆ. ಅವರ ದಣಿವು ನನಗೂ ಅರ್ಥವಾಗುತ್ತದೆ.

ನನಗೆ ಭಯ ಬೇರೆಯದು. ಸ್ಕಾಟ್ಲೆಂಡಿನ 59 ಸೀಟುಗಳಲ್ಲಿ 48 ಪ್ರತ್ಯೇಕ ದೇಶ ಬೇಕೆನ್ನುವ ಪಕ್ಷಕ್ಕೆ ಹೋಗಿವೆ. ಒಂದು ಒಕ್ಕೂಟ ಬಿಡುವ ಹೊತ್ತಿಗೆ ಮನೆಯೊಳಗೇ ಬಿರುಕು, ಅಲ್ವಾ? ಇನ್ನು ಗೆದ್ದ ಕನ್ಸರ್ವೇಟಿವ್‌ನವರು 50,000 ನರ್ಸ್‌ಗಳನ್ನು ಹೆಚ್ಚಿಸುತ್ತೇವೆ ಎಂದಿದ್ದಾರೆ. ಜೊತೆಗೆ ವಲಸಿಗರು ಕಟ್ಟುವ ಆರೋಗ್ಯ ಶುಲ್ಕವನ್ನು ವರ್ಷಕ್ಕೆ 400ರಿಂದ 625 ಪೌಂಡ್‌ಗೆ ಏರಿಸುತ್ತಾರಂತೆ. ನರ್ಸ್‌ಗಳು ಬೇಕು, ಬರುವ ದಾರಿ ಮಾತ್ರ ದುಬಾರಿ. ಇದು ಸರಿಯಲ್ಲ.

ಮಧ್ಯಾಹ್ನ ಚಹಾ ಹೊತ್ತಿನಲ್ಲಿ ಆ ರೊಮೇನಿಯಾದ ನರ್ಸ್ ತನ್ನ ಮಗಳ ಶಾಲೆಯ ಫೋಟೋ ತೋರಿಸಿದಳು. ಚುನಾವಣೆಯ ಮಾತು ಇಬ್ಬರೂ ಎತ್ತಲಿಲ್ಲ.