ಪಂಪ್‌ಶೆಡ್ಡಿನಲ್ಲಿ ಎರಡು ದಿನ

ಕಾಸರಗೋಡಿನ ಬದಿಯಡ್ಕದ ಹತ್ತಿರದ ಅಡಿಕೆ ತೋಟವೊಂದರಲ್ಲಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬಂದು ಬೀಳುವ ಕೆರೆಯ ಬದಿಗೆ ಪಂಪ್‌ಶೆಡ್ಡು. ಸಂಕ್ರಾಂತಿ ಕಳೆದಿತ್ತು, ಇನ್ನು ಮಳೆ ಬರುವವರೆಗೆ ನೀರು ತಪ್ಪಿಸುವಂತಿಲ್ಲ. ಅಂಥ ಹೊತ್ತಿಗೇ 5 ಎಚ್‌ಪಿ ಡೀಸೆಲ್ ಎಂಜಿನ್ ಕೈಕೊಟ್ಟಿತ್ತು. ಹ್ಯಾಂಡಲ್ ತಿರುಗಿಸಿದರೆ ಕಂಪ್ರೆಶನ್, ಅಂದರೆ ಒಳಗಿನ ಗಾಳಿ ಒತ್ತಿಹೋಗುವಾಗಿನ ಬಿಗಿ, ಕೈಗೆ ಸಿಗುತ್ತಿರಲಿಲ್ಲ. ಹೇಗೋ ಹೊತ್ತಿಕೊಂಡರೆ ನೀಲಿ ಹೊಗೆ, ಎಂಜಿನಿನ ಒಳಗಾಳಿ ಹೊರಬಿಡುವ ಬ್ರೀದರಿನಲ್ಲಿ ಬುಸುಬುಸು ಗಾಳಿ. ಕೆಲಸಕ್ಕೆ ಬಂದ ಹುಡುಗ ಅಷ್ಟರವರೆಗೆ ಬಿಚ್ಚಿದ್ದು ಬೈಕಿನ ಎಂಜಿನ್ ಮಾತ್ರ.

ಬರುವಾಗಲೇ ಹೊಸ ರಿಂಗ್ ಸೆಟ್ ತಂದಿದ್ದ, ಪಿಸ್ಟನ್ನಿನ ಸುತ್ತ ಕೂತು ಗಾಳಿ ಸೋರದಂತೆ ತಡೆಯುವ ಬಳೆಗಳು. ಹೆಚ್ಚಿನ ಹೊಸಬರು ಎಡವುವುದು ಇಲ್ಲಿಯೇ: ಅಳೆಯುವ ಮೊದಲೇ ಸಾಮಾನು ತರುವುದು.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ನೀರು ಇಳಿಸು, ಆಯಿಲ್ ಇಳಿಸು, ಡೀಸೆಲ್ ಪೈಪು ಬಿಚ್ಚಿ ಬಾಯಿಗೆ ಪ್ಲಾಸ್ಟಿಕ್ ಕಟ್ಟು, ವಾಲ್ವ್ ಒತ್ತುವ ರಾಕರ್ ತೆಗೆ, ಮೇಲಿನ ಮುಚ್ಚಳವಾದ ಹೆಡ್ ಎತ್ತು. ಬಿಚ್ಚಿದ್ದನ್ನು ಇಡಲು ತೋಟದಲ್ಲಿ ಅಡಿಕೆ ಹಾಳೆಗೆ ಬರವೇ? ಒಂದು ಹಾಳೆಯಲ್ಲಿ ಹೆಡ್ಡಿನದ್ದು, ಇನ್ನೊಂದರಲ್ಲಿ ಪಿಸ್ಟನ್ನಿನದ್ದು. ರಾಕರನ್ನು ಎತ್ತುವ ಪುಶ್‌ರಾಡ್ ಎರಡನ್ನೂ ಯಾವುದು ಯಾವ ಕಡೆಯದ್ದೆಂದು ಗುರುತು ಮಾಡಿಯೇ ಇಡಬೇಕು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕ್ಯಾಪು ಬಿಚ್ಚುವ ಮೊದಲು ರಾಡಿನಲ್ಲೂ ಕ್ಯಾಪಿನಲ್ಲೂ ಕೊರೆದ ನಂಬ್ರ ನೋಡಿಕೊಳ್ಳಬೇಕು, ಕೂಡಿಸುವಾಗ ಎರಡೂ ಒಂದೇ ಕಡೆಗೆ ಬರಬೇಕು. ಕ್ಯಾಪು ತಿರುಗಿ ಕೂತರೆ ಬೇರಿಂಗ್ ಹಿಡಿದು ಕ್ರ್ಯಾಂಕನ್ನೇ ಹಾಳುಮಾಡುತ್ತದೆ. ಪಿಸ್ಟನ್ ಮೇಲಕ್ಕೆ ತಳ್ಳುವ ಮುಂಚೆ ಅದು ಓಡಾಡುವ ಕೊಳವೆಯಾದ ಲೈನರಿನ ಬಾಯಲ್ಲಿ ಕಟ್ಟಿದ ಕರಿಯ ಏಣನ್ನು ಕೆರೆದು ತೆಗೆಯದಿದ್ದರೆ ರಿಂಗ್ ಅಲ್ಲಿ ಸಿಕ್ಕಿ ಪಿಸ್ಟನ್ನಿನ ಅಂಚು ಒಡೆಯುತ್ತದೆ.

ಈ ಎಂಜಿನಿನ ಬೋರ್, ಅಂದರೆ ಲೈನರಿನ ಒಳವ್ಯಾಸ, 80 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 110. ಬೋರ್ ಗೇಜ್ ಶೆಡ್ಡಿನಲ್ಲಿ ಎಲ್ಲಿಂದ ಬರಬೇಕು? ಇದ್ದದ್ದು ಸಂದು ಅಳೆಯುವ ತೆಳು ತಗಡುಗಳ ಒಂದು ಫೀಲರ್ ಗೇಜ್. ಅದೇ ಸಾಕು. ಒಂದು ರಿಂಗನ್ನು ಲೈನರಿನ ಕೆಳತುದಿಗೆ, ಪಿಸ್ಟನ್ ಮುಟ್ಟದ ಜಾಗಕ್ಕೆ, ಪಿಸ್ಟನ್ನಿನ ತಲೆಯಿಂದಲೇ ನೇರ ತಳ್ಳಿ ರಿಂಗಿನ ಬಾಯಿ, ಅಂದರೆ ಎರಡು ತುದಿಗಳ ನಡುವಿನ ಸಂದು, ಅಳೆದರೆ 0.40 ಮಿ.ಮೀ. ಬಂತು. ಅದೇ ರಿಂಗ್ ಮೇಲೆ, ಏಣಿನಿಂದ ಸ್ವಲ್ಪ ಕೆಳಗೆ, 1.15. ವ್ಯತ್ಯಾಸ 0.75, ಅದನ್ನು 3.14ರಿಂದ ಭಾಗಿಸಿದರೆ ಲೈನರಿನ ವ್ಯಾಸ ಎಷ್ಟು ಸವೆದಿದೆ ಎಂಬುದು ಸಿಕ್ಕಿತು: ಸುಮಾರು 0.24 ಮಿ.ಮೀ. ಇಷ್ಟು ಅಗಲವಾದ ಲೈನರಿಗೆ ಹೊಸ ರಿಂಗ್ ಹಾಕಿದರೆ ಒಂದು ತಿಂಗಳು ಓಡೀತು, ಆಮೇಲೆ ಪುನಃ ಅದೇ ಹೊಗೆ. ತಂದ ರಿಂಗ್ ವಾಪಸ್. ಪಿಸ್ಟನ್, ರಿಂಗ್, ಲೈನರ್, ಪಿನ್ ಒಟ್ಟಿಗಿರುವ ಸೆಟ್ಟೇ ಬೇಕೆಂದಾಯಿತು.

ಆದರೆ ಸವೆದದ್ದು ಯಾಕೆ? ಇದನ್ನು ಕೇಳದೆ ಸೆಟ್ ತರಲು ಪೇಟೆಗೆ ಹೋಗಬಾರದು. ಮೇಲ್ಭಾಗ ಮಾತ್ರ ಹೀಗೆ ಸವೆದರೆ ಮೊದಲ ಸಂಶಯ ಏರ್ ಫಿಲ್ಟರಿನ ಮೇಲೆ. ಧೂಳನ್ನು ಆಯಿಲಿನಲ್ಲಿ ಹಿಡಿಯುವ ಆಯಿಲ್ ಬಾತ್ ಫಿಲ್ಟರಿನ ತಟ್ಟೆ ತೆಗೆದು ನೋಡಿದರೆ ಆಯಿಲಿನ ಪಸೆಯೂ ಇಲ್ಲ, ಮೂಲೆಯಲ್ಲಿ ಕುಂಬಾರ ಹುಳದ ಮಣ್ಣಿನ ಗೂಡು. ಶೆಡ್ಡಿನ ಎದುರೇ ಅಡಿಕೆ ಒಣಗಿಸುವ ಅಂಗಳ, ಧೂಳಿಗೆ ಕೊರತೆಯಿಲ್ಲ. ಲೈನರ್ ಎಳೆದ ಮೇಲೆ ಎರಡನೆಯದ್ದೂ ಕಂಡಿತು. ತಂಪಿಗೆ ನೀರು ಬರುವುದು ಪಂಪಿನ ಡೆಲಿವರಿ ಪೈಪಿನಿಂದಲೇ ಅಲ್ಲವೇ? ಕೆರೆ ತಗ್ಗಿದಾಗ ಮೇಲೆ ಬಂದ ಮುರಕಲ್ಲಿನ ಕೆಂಪು ಕೆಸರು ಲೈನರಿನ ಸುತ್ತ ನೀರು ತುಂಬುವ ಜಾಕೆಟ್ಟಿನ ಅಡಿಯಲ್ಲಿ ಗಟ್ಟಿ ಕೂತಿತ್ತು. ಚಮಚದಲ್ಲಿ ಕೆರೆದು ತೆಗೆದದ್ದು ಅರ್ಧ ಬಕೆಟ್ ಕೊಳೆನೀರು. ಆ ಕೆಸರಿನ ಹಿಂದೆ ಲೈನರ್ ಕಾದದ್ದಕ್ಕೆ ಸಾಕ್ಷಿಯಾಗಿ ಹಳೆಯ ರಿಂಗ್ ಎರಡು ಪಿಸ್ಟನ್ನಿನಲ್ಲಿ ಅವು ಕೂರುವ ತೋಡುಗಳಲ್ಲಿಯೇ ಅಂಟಿದ್ದವು.

ಮಧ್ಯಾಹ್ನ ಹೆಡ್ಡಿನ ವಾಲ್ವ್ ಸೋರದಂತೆ ಉಜ್ಜಿ ಕೂರಿಸುವ ಕೆಲಸ. ಮೊದಲು ತರಿ ಪೇಸ್ಟ್, ಮತ್ತೆ ನಯ ಪೇಸ್ಟ್. ವಾಲ್ವಿನ ಸುತ್ತ ಬೂದು ಬಣ್ಣದ ಗೆರೆ ಎಲ್ಲೂ ತುಂಡಾಗದೆ ಬಂದರೆ ಸಾಕು. ವಾಲ್ವಿನ ಹಿಂದಿನ ದಾರಿಯಾದ ಪೋರ್ಟಿಗೆ ಸೀಮೆಎಣ್ಣೆ ಹೊಯ್ದು ಹತ್ತು ನಿಮಿಷ ಕಾದರೂ ಜಿನುಗಬಾರದು. ಉಜ್ಜಿದ ಪೇಸ್ಟನ್ನು ತೊಳೆಯುವುದು ಮಾತ್ರ ಎಷ್ಟು ಮಾಡಿದರೂ ಕಡಿಮೆಯೇ. ಅದೂ ಒಂದು ಬಗೆಯ ಧೂಳು.

ಎರಡನೆಯ ದಿನ ಜೋಡಣೆ. ಲೈನರಿನ ಅಡಿಗೆ ರಬ್ಬರಿನ ಓ-ರಿಂಗ್ ಇದೆ. ಅದಕ್ಕೆ ಸಾಬೂನು ನೀರು ಹಚ್ಚಿ, ಮುರಿಗೆ ಬೀಳದಂತೆ ಕೂರಿಸಿ, ಲೈನರನ್ನು ಕೈಯಲ್ಲೇ ಒತ್ತಬೇಕು. ಸುತ್ತಿಗೆ ಬೇಡ. ಲೈನರ್ ಕೂರುವ ಮೇಲಿನ ಮೆಟ್ಟಿಲಲ್ಲಿ ತುಕ್ಕಿನ ಚೂರೊಂದು ಉಳಿದರೂ ಅಂಚು ಬಿರಿಯುತ್ತದೆ. ಕೂರಿಸಿದ ಕೂಡಲೇ ಜಾಕೆಟ್ಟಿಗೆ ನೀರು ತುಂಬಿ ಅರ್ಧ ಗಂಟೆ ಕ್ರ್ಯಾಂಕ್‌ಕೇಸಿನೊಳಗೆ ಟಾರ್ಚ್ ಹಿಡಿದು ನೋಡಿ. ಹುಡುಗ ನೋಡಿದ, ಒಂದು ಹನಿ ಇಳಿಯುತ್ತಿತ್ತು. ಲೈನರ್ ಎಳೆದಾಗ ಓ-ರಿಂಗಿನಲ್ಲಿ ಮುರಿಗೆ. ಪಿಸ್ಟನ್ ಹಾಕಿ ಹೆಡ್ ಬಿಗಿದ ಮೇಲೆ ಇದು ತಿಳಿಯುತ್ತಿದ್ದದ್ದು ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದಾಗ.

ಪಿಸ್ಟನ್ ಪಿನ್ನಿಗೂ ಸುತ್ತಿಗೆ ಬೇಡ. ಮನೆಯ ಬಚ್ಚಲಿನ ಹಂಡೆಯ ಅಡಿಗೆ ಸೋಗೆ ಉರಿಸಿ ಕಾಯಿಸಿದ ನೀರಿನಲ್ಲಿ ಪಿಸ್ಟನ್ ಹತ್ತು ನಿಮಿಷ ಮುಳುಗಿಸಿಟ್ಟರೆ ಪಿನ್ ಬೆರಳಲ್ಲಿ ಜಾರುತ್ತದೆ. ಹೊಸ ಲೈನರಿನಲ್ಲಿ ಹೊಸ ರಿಂಗಿನ ಬಾಯಿಯನ್ನೂ ಅಳೆಯಬೇಕು. 80 ಮಿ.ಮೀ. ಬೋರಿಗೆ 0.25ರಿಂದ 0.32 ಸರಿ. ತೀರಾ ಕಡಿಮೆಯಿದ್ದರೆ ಬಿಸಿಗೆ ಹಿಗ್ಗಿ ತುದಿಗಳು ತಾಗಿ ರಿಂಗ್ ಮುರಿಯುತ್ತದೆ. ಗುರುತಿರುವ ಮುಖ ಮೇಲಕ್ಕೆ, ಬಾಯಿಗಳು ಒಂದರ ಮೇಲೊಂದು ಬಾರದಂತೆ. ರಿಂಗ್ ಒತ್ತಿ ಹಿಡಿಯುವ ಸಾಧನವಿಲ್ಲದ್ದಕ್ಕೆ ಆಯಿಲ್ ಟಿನ್ನಿನ ತಗಡು ಕತ್ತರಿಸಿ ಹೋಸ್ ಕ್ಲಿಪ್ಪಿನಲ್ಲಿ ಬಿಗಿದದ್ದಾಯಿತು.

ಹೆಡ್ ನಟ್ಟುಗಳನ್ನು ಎದುರುಬದುರು, ಮೂರು ಸುತ್ತಿನಲ್ಲಿ ಬಿಗಿಯಬೇಕು. ಅದಕ್ಕೂ ಮೊದಲು ಪಿಸ್ಟನ್ ತಲೆಯ ಮೇಲೆ ಸೀಸದ ತಂತಿಯಿಟ್ಟು, ಹೆಡ್ ಕೂರಿಸಿ ಬಿಗಿದು, ಫ್ಲೈವೀಲ್ ಕೈಯಲ್ಲಿ ಒಂದು ಸುತ್ತು ತಿರುಗಿಸಿ ತೆಗೆದು, ಚಪ್ಪಟೆಯಾದ ದಪ್ಪ ಅಳೆಯುವುದು ಬಿಡಬಾರದ ಕೆಲಸ. 1 ಮಿ.ಮೀ. ಆಸುಪಾಸು ಬಂತು. ತೀರಾ ಕಡಿಮೆಯಾದರೆ ಪಿಸ್ಟನ್ ಹೆಡ್ಡಿಗೆ ಬಡಿಯುತ್ತದೆ, ಹೆಚ್ಚಾದರೆ ಸ್ಟಾರ್ಟ್ ಆಗಲು ಹಟಮಾಡುತ್ತದೆ. ರಾಕರಿಗೂ ವಾಲ್ವಿಗೂ ನಡುವಿನ ಟ್ಯಾಪೆಟ್ ಅಂತರಕ್ಕೆ ಕಂಪನಿಯ ಪುಸ್ತಕ ಇದೆ, ಅಂದಾಜು ಬೇಡ.

ಸ್ಟಾರ್ಟ್ ಮಾಡುವ ಮೊದಲು ಕಂಪ್ರೆಶನ್ ಬಿಡಿಸುವ ಡಿಕಂಪ್ರೆಶನ್ ಲಿವರ್ ಎತ್ತಿ, ಡೀಸೆಲ್ ಬಂದ್ ಇಟ್ಟು, ರಾಕರಿಗೆ ಆಯಿಲ್ ಬರುವವರೆಗೆ ತಿರುಗಿಸಬೇಕು. ಆಮೇಲೆ ಫಿಲ್ಟರ್, ಪಂಪು, ಕೊನೆಗೆ ಇಂಜೆಕ್ಟರಿನ ನಟ್ಟು, ಈ ಕ್ರಮದಲ್ಲಿ ಗಾಳಿ ಬಿಡಬೇಕು. ಇಂಜೆಕ್ಟರ್ ಕರ್ ಎಂದರೆ ಡೀಸೆಲ್ ತಲುಪಿತು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ. ಸುತ್ತಿ ಹಿಡಿದರೆ, ಎಂಜಿನ್ ಹಿಂದಕ್ಕೆ ಒದ್ದಾಗ ಹೆಬ್ಬೆರಳು ಉಳಿಯುವುದಿಲ್ಲ.

ನಾಲ್ಕನೆಯ ಸಲಕ್ಕೆ ಹೊತ್ತಿತು. ಹೊಸ ಸೆಟ್ಟನ್ನು ತಾಸುಗಟ್ಟಲೆ ಲೋಡಿಲ್ಲದೆ ಓಡಿಸಿದರೆ ಲೈನರ್ ಗಾಜಿನಂತೆ ನುಣುಪಾಗಿ ರಿಂಗ್ ಕೂರುವುದಿಲ್ಲ. ಡೆಲಿವರಿ ಪೈಪಿನ ಗೇಟ್ ವಾಲ್ವನ್ನು ಅರ್ಧ ತೆರೆದು ಅರ್ಧ ಲೋಡಿನಲ್ಲಿ ಓಡಿಸಬಹುದು. ಪೂರ್ತಿ ಮುಚ್ಚಿದರೆ ತಂಪಿನ ನೀರೂ ನಿಂತೀತು. ಜಾಕೆಟ್ಟಿನಿಂದ ಹೊರಬಿದ್ದ ನೀರು ಮೊದಲು ಕೆಂಪಗಿತ್ತು, ಹತ್ತು ನಿಮಿಷದಲ್ಲಿ ತಿಳಿಯಾಯಿತು, ಕೈಗೆ ಬೆಚ್ಚಗೆ. ತಣಿದ ಮೇಲೆ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ಟ್ಯಾಪೆಟ್ ನೋಡಿದಾಗ ಸಂಜೆ. ಅಷ್ಟು ಹೊತ್ತಿಗೆ ಹುಡುಗ ಫಿಲ್ಟರಿನ ತಟ್ಟೆಗೆ ಗುರುತಿನವರೆಗೆ ಆಯಿಲ್ ಹೊಯ್ದು, ಕೆರೆಯೊಳಗೆ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವಿನ ಬುಟ್ಟಿಯನ್ನು ಕೆಸರಿನಿಂದ ಒಂದೂವರೆ ಅಡಿ ಮೇಲಕ್ಕೆ ಕಟ್ಟಿ ಬಂದಿದ್ದ.