ಟಾರ್ಚು, ಮರಳು ರಾಶಿ, ಸಮ್‌ನ ಸೂರ್ಯ

ಗುರುವಾರ, ಜನವರಿ 1, 2026
ವಿನೋಬನಗರ, ರಾತ್ರಿ 10.20

ಅಕ್ಕನ ಮಗಳು ಜೈಸಲ್ಮೇರ್‌ನಿಂದ ಇಪ್ಪತ್ತೇಳು ಫೋಟೋ ಕಳಿಸಿದ್ದಾಳೆ. ಇಪ್ಪತ್ತೇಳರಲ್ಲೂ ಸೂರ್ಯ ನಟ್ಟನಡುವೆ, ಕೆಳಗಿನ ಅರ್ಧ ಇದ್ದಿಲು. ಸೂರ್ಯನಾದರೂ ನೆಟ್ಟಗಿದ್ದಾನಾ ಅಂದರೆ ಅದೂ ಇಲ್ಲ, ಹಳದಿ ಸ್ಟಿಕ್ಕರ್ ಅಂಟಿಸಿದ ಹಾಗೆ ಕೂತಿದ್ದಾನೆ.

"ಚಿಕ್ಕಿ, ನೋಡಿದ್ಯಾ?"

"ನೋಡ್ದೆ ಮಾರಾಯ್ತಿ. ಆಗುಂಬೆಗೆ ಯಾವಾಗ ಹೋಗಿದ್ದೆ?"

"ತಮಾಷೆ ಬೇಡ. ಸಮ್ ಊರಿನ ಮರಳು ದಿಬ್ಬದ ಮೇಲೆ ನಿಂತು ತೆಗ್ದಿದ್ದು ಅದು."

ತಮಾಷೆಗೆ ಹೇಳಿದ್ದಲ್ಲ. ಮಲೆನಾಡಲ್ಲಿ ಕ್ಯಾಮೆರಾ ಹಿಡಿಯಲು ಕಲಿತವರು ಮರಳುಗಾಡಿಗೆ ಹೋದರೆ ಮೊದಲ ದಿನ ಮಾಡುವ ತಪ್ಪೇ ಇದು. ಆಗುಂಬೆಯ ಕಟ್ಟೆಯ ಮೇಲೆ ನಿಂತರೆ ಕೆಳಗಿರುವುದು ಕಾಡು. ಎದುರು ಬೆಳಕಿಗೆ ಅದು ಹೇಗಿದ್ದರೂ ಕಪ್ಪೇ, ಅದರ ಚಿಂತೆ ಬಿಟ್ಟು ಆಕಾಶ ನೋಡಿಕೊಂಡರಾಯಿತು. ಮೋಡದ ಹೊಟ್ಟೆ ಕೆಂಪಾಗುವುದು, ಅರಬ್ಬೀ ಸಮುದ್ರದ ಕಡೆ ಒಂದು ಬೆಳ್ಳಿ ಗೆರೆ ಕಾಣುವುದು, ಇದ್ದದ್ದೆಲ್ಲ ಮೇಲೆಯೇ. ಥಾರ್‌ನಲ್ಲಿ ಲೆಕ್ಕ ತಿರುಗುಮುರುಗು. ಚಳಿಗಾಲದಲ್ಲಿ ಅಲ್ಲಿಯ ಆಕಾಶ ಹೆಚ್ಚಿನ ದಿನ ಬೋಳು. ಬೆಳಕು ಕೆಲಸ ಮಾಡುವುದು ನೆಲದ ಮೇಲೆ. ಅದಕ್ಕೇ ಅವಳಿಗೆ, ಸೂರ್ಯನಿಗೆ ಮುಖ ಕೊಡಬೇಡ, ಭುಜ ಕೊಟ್ಟು ನಿಲ್ಲು ಅಂದೆ.

"ಅಂದ್ರೆ ಎಂತ?"

ಫೋನಿನಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಕೊನೆಗೆ ಟಾರ್ಚು ಹಿಡಿದು ಹೊರಗೆ ಹೋದೆ. ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ, ಗಾರೆಗೆ ತಂದ ಮರಳು ಗೇಟಿನಾಚೆ ಬಿದ್ದಿದೆ. ರಾಶಿಯ ಬುಡದಲ್ಲಿ ಬೆರಳಿಂದ ಏಳೆಂಟು ಅಲೆ ಗೀಚಿದೆ, ಒಂದೊಂದೂ ಒಂದು ಸೆಂಟಿಮೀಟರ್ ಎತ್ತರ ಬರುವ ಹಾಗೆ. ಟಾರ್ಚನ್ನು ತಲೆಯ ಮೇಲೆ ಎತ್ತಿ ಹಿಡಿದು ಒಂದು ಫೋಟೋ: ಸಪ್ಪೆ, ಗೀಚಿದ್ದೇ ಕಾಣಲ್ಲ. ಫೋನಿನ ಬೆನ್ನ ಹಿಂದಿಂದ ನೇರ ಬೆಳಕು ಬಿಟ್ಟು ಇನ್ನೊಂದು: ಅದೂ ಸಪ್ಪೆ, ಜೊತೆಗೆ ನನ್ನದೇ ನೆರಳು. ಆಮೇಲೆ ಟಾರ್ಚನ್ನು ಅಲೆಗಳಿಗೆ ಅಡ್ಡವಾಗಿ, ಪಕ್ಕದಲ್ಲಿ, ಹೆಚ್ಚುಕಡಿಮೆ ನೆಲಕ್ಕೆ ತಾಗಿಸಿ ಇಟ್ಟೆ. ಅಷ್ಟೇ. ಒಂದೊಂದು ಅಲೆಯೂ ಎದ್ದು ನಿಂತಿತು, ಕಾಳು ಕಾಳಿಗೂ ಬಾಲ.

ಎದುರು ಮನೆಯವರು ಬಾಗಿಲು ತೆಗೆದು "ಏನಾದ್ರೂ ಕಳ್ದೋಯ್ತಾ?" ಅಂತ ಕೇಳಿದರು. ಕಿವಿಯೋಲೆ ಅಂದುಬಿಟ್ಟೆ. ಅವರೂ ಚಪ್ಪಲಿ ಮೆಟ್ಟಿಕೊಂಡು ಹುಡುಕೋಕೆ ಬಂದರು. ಇರಲಿ.

ಮೂರೂ ಫೋಟೋ ಕಳಿಸಿದ ಮೇಲೆ ಅವಳಿಂದ ಒಂದೇ ಪದ: "ಓ!"

ಲೆಕ್ಕ ಇಷ್ಟೇ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದರೆ ಒಂದು ಸೆಂಟಿಮೀಟರ್ ಅಲೆಗೆ ಒಂದೇ ಸೆಂಟಿಮೀಟರ್ ನೆರಳು. 10 ಡಿಗ್ರಿಗೆ ಇಳಿದರೆ ಐದೂವರೆಗಿಂತ ಜಾಸ್ತಿ, 5 ಡಿಗ್ರಿಗೆ ಹನ್ನೊಂದು. ಅದಕ್ಕೂ ಕೆಳಗೆ ಹೋದರೆ ಒಂದು ಅಲೆಯ ನೆರಳು ಮುಂದಿನ ಅಲೆಯ ಬೆನ್ನು ಹತ್ತಿ ಎಲ್ಲ ಮುಚ್ಚಿಹೋಗುತ್ತದೆ. ಈಗ ಜೈಸಲ್ಮೇರ್‌ನಲ್ಲಿ ಸೂರ್ಯ ಮುಳುಗುವುದು ಸುಮಾರು 6.05ಕ್ಕೆ. ಅಲ್ಲಿಗೆ ಮರಳಿನ ಅಲೆ ತೆಗೆಯುವ ಹೊತ್ತು ಅಂದಾಜು 5.10ರಿಂದ 5.40. ಇವಳು ಕ್ಯಾಮೆರಾ ಹೊರಗೆ ತೆಗೆದದ್ದೇ 5.50ಕ್ಕೆ, ಚಾ ಕುಡಿದು, ಒಂಟೆ ಹತ್ತಿ ಇಳಿದ ಮೇಲೆ. ಗಡಿಯಾರ ಬೇಡ ಅನ್ನುವವರು ಕೈ ನೀಳ ಚಾಚಿ ಬೆರಳು ಅಡ್ಡ ಹಿಡಿಯಲಿ. ಸೂರ್ಯನಿಗೂ ದಿಗಂತಕ್ಕೂ ನಡುವೆ ಒಂದು ಬೆರಳು ಅಂದರೆ ಹತ್ತಿರ ಹತ್ತಿರ ಕಾಲು ಗಂಟೆ. ನಾಲ್ಕು ಬೆರಳಿರುವಾಗಲೇ ಟ್ರೈಪಾಡ್ ಬಿಚ್ಚಿರಬೇಕು.

ಅಲ್ಲಿಗಿಂತ ಇಲ್ಲಿ, ಶಿವಮೊಗ್ಗದಲ್ಲಿ, ಇವತ್ತು ಸೂರ್ಯ ಕೆಲವು ನಿಮಿಷ ತಡವಾಗಿಯೇ ಮುಳುಗಿದ್ದು ಅಂದರೆ ನಂಬಲಿಲ್ಲ ಅವಳು. "ನಾನು ಪಶ್ಚಿಮಕ್ಕಿದೀನಿ ಚಿಕ್ಕಿ." ಪಶ್ಚಿಮಕ್ಕೂ ಹೌದು, ಉತ್ತರಕ್ಕೂ ಹೌದಲ್ಲ. ಜನವರಿಯಲ್ಲಿ ಉತ್ತರಕ್ಕೆ ಹೋದಷ್ಟೂ ಹಗಲು ಮೋಟು. ಅದೇ ಜೂನ್ ಕೊನೆಯಲ್ಲಾದರೆ ಅಲ್ಲಿ 7.40 ದಾಟುತ್ತದೆ, ಇಲ್ಲಿ ಏಳಕ್ಕೆಲ್ಲ ಮುಗಿದಿರುತ್ತದೆ.

ಇನ್ನು ಎಲ್ಲಿ ನಿಲ್ಲುವುದು. ಇದನ್ನೂ ಅದೇ ರಾಶಿಯಲ್ಲಿ ತೋರಿಸಬಹುದಿತ್ತು, ಕಿವಿಯೋಲೆಯ ಗಲಾಟೆಯಲ್ಲಿ ಆಗಲಿಲ್ಲ. ಒಣ ಮರಳಿನ ರಾಶಿಯ ನೆತ್ತಿಯನ್ನು ಬೆರಳಲ್ಲಿ ಕೆದಕಿದರೆ ಸರ್ರನೆ ಜಾರಿ ಮತ್ತೆ ಅದೇ ಇಳಿಜಾರಿಗೆ ಬಂದು ನಿಲ್ಲುತ್ತದೆ, 33-34 ಡಿಗ್ರಿಯ ಆಸುಪಾಸು. ದಿಬ್ಬದ ಕಡಿದಾದ ಮುಖವೂ ಅಷ್ಟೇ ಓರೆ. ಗಾಳಿ ಬರುವ ಕಡೆ ದಿಬ್ಬ ನಿಧಾನ ಏರುತ್ತದೆ, ಆಚೆ ಕಡೆ ಜಾರುತ್ತದೆ. ಥಾರ್‌ನಲ್ಲಿ ಮರಳು ಹೊರುವ ಜೋರು ಗಾಳಿ ಬೇಸಿಗೆಯ ನೈಋತ್ಯದ್ದು. ಆಗುಂಬೆಗೆ ಮಳೆ ಹೊತ್ತು ತರುವ ದಿಕ್ಕೇ ಅದು, ಅಲ್ಲಿಗೆ ತಲುಪುವ ಹೊತ್ತಿಗೆ ಹೊರಲು ಮರಳು ಮಾತ್ರ ಉಳಿದಿರುತ್ತದೆ. ಆದ್ದರಿಂದ ಜಾರು ಮುಖ ಹೆಚ್ಚಾಗಿ ಈಶಾನ್ಯಕ್ಕೆ. ಜನವರಿಯಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮಕ್ಕಲ್ಲ, ಅಲ್ಲಿಂದ ಈಗ ಸುಮಾರು 26 ಡಿಗ್ರಿ ದಕ್ಷಿಣಕ್ಕೆ ಸರಿದು. ಎರಡನ್ನೂ ಕೂಡಿಸಿದರೆ ಸಂಜೆ ಹೊತ್ತಿಗೆ ಏರುಮುಖ ಪೂರ್ತಿ ಚಿನ್ನ, ಜಾರುಮುಖ ಪೂರ್ತಿ ನೆರಳು, ನಡುವೆ ನೆತ್ತಿಯ ಗೆರೆ ಚಾಕು ಇಟ್ಟು ಕೊಯ್ದ ಹಾಗೆ. ಆ ಗೆರೆಯ ಒಂದು ತುದಿಯಲ್ಲಿ ನಿಂತು ಉದ್ದಕ್ಕೆ ನೋಡಬೇಕು, ವಾಯುವ್ಯಕ್ಕೋ ಆಗ್ನೇಯಕ್ಕೋ. ಸೂರ್ಯ ತನ್ನಷ್ಟಕ್ಕೆ ಭುಜದ ಪಕ್ಕಕ್ಕೆ ಬರುತ್ತಾನೆ.

ಕ್ಯಾಮೆರಾದ ಬೆಳಕಿನ ಮೀಟರ್ ಇಲ್ಲಿ ಮೋಸ ಮಾಡುತ್ತದೆ. ಬೆಳಕು ಬಿದ್ದ ಮರಳನ್ನೇ ಅಳೆದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣಕ್ಕೆ ಎಳೆಯುತ್ತದೆ, ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೂರನೇ ಎರಡು ಸ್ಟಾಪ್ ಮೇಲಕ್ಕೆ ಕೊಡಬೇಕು (ಒಂದು ಸ್ಟಾಪ್ ಮೇಲಕ್ಕೆ ಅಂದರೆ ಬೆಳಕು ಇಮ್ಮಡಿ). ಸೂರ್ಯ ಚೌಕಟ್ಟಿನೊಳಗೆ ಬಂದರೆ ಮಾತು ಬೇರೆ, ಆಗ ಒಂದರಿಂದ ಎರಡು ಸ್ಟಾಪ್ ಕೆಳಕ್ಕೆ. ಐಎಸ್‌ಒ 100, ಲೆನ್ಸಿನ ತೂತು ಎಫ್ 8ರಿಂದ 11; ಅಂಕಿ ದೊಡ್ಡದಾದಷ್ಟೂ ತೂತು ಸಣ್ಣ. ಕಿರಣದ ನಕ್ಷತ್ರ ಬೇಕೆಂದು ಎಫ್ 22ಕ್ಕೆ ಹೋದರೆ ನಕ್ಷತ್ರ ಬರುತ್ತದೆ, ಮರಳಿನ ಕಾಳು ಮಸುಕಾಗುತ್ತದೆ. 16ರಲ್ಲಿ ನಿಲ್ಲಿಸುವುದು ಮೇಲು.

ಹಳದಿ ಸ್ಟಿಕ್ಕರ್ ಯಾಕಾಯಿತು ಅನ್ನುವುದು ಉಳಿಯಿತಲ್ಲ. ಹಿಸ್ಟೋಗ್ರಾಮ್ ನೋಡ್ಕೊಂಡೇ ತೆಗ್ದೆ ಅನ್ನುತ್ತಾಳೆ. ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟೆಷ್ಟಿದೆ ಅಂತ ಗುಡ್ಡದ ಹಾಗೆ ತೋರಿಸುವ ಗ್ರಾಫ್ ಅದು. ಯಾವ ಹಿಸ್ಟೋಗ್ರಾಮ್? ಬಿಳಿಯದು ಒಂದೇ. ಅದು ಮೂರು ಬಣ್ಣದ ಸರಾಸರಿ ಲೆಕ್ಕ, ಅದರಲ್ಲೂ ಹಸಿರಿಗೇ ತೂಕ ಜಾಸ್ತಿ. ಮುಳುಗುವ ಸೂರ್ಯನಲ್ಲಿ ಮೊದಲು ತುಂಬಿ ಚೆಲ್ಲುವುದು ಕೆಂಪು. ಬಿಳಿ ಗುಡ್ಡ ಬಲಗೋಡೆಗೆ ಮುಟ್ಟಿರುವುದಿಲ್ಲ, ಕೆಂಪು ಆಗಲೇ ಒಡೆದುಹೋಗಿರುತ್ತದೆ. ಕೆಂಪು ಮಿತಿ ಮುಟ್ಟಿ ನಿಂತ ಮೇಲೆ ಹಸಿರು ಮಾತ್ರ ಏರುತ್ತಾ ಬಂದರೆ ಕಾಣುವುದು ಹಳದಿ. ಕಿತ್ತಳೆ ಹೋದದ್ದು ಹೀಗೆ. ಮೂರು ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಹಾಕಿಕೊಂಡು ಕೆಂಪಿನ ಬಲ ತುದಿ ಗೋಡೆಗೆ ತಾಗದಂತೆ ಇಳಿಸಬೇಕು. ಮೇಲಿಂದ ಆಟೋ ವೈಟ್ ಬ್ಯಾಲೆನ್ಸ್ ಬೇರೆ ಇಟ್ಟಿದ್ದಳು! ಅದರ ಕೆಲಸವೇ ಬಣ್ಣದ ಛಾಯೆ ತೆಗೆಯುವುದು, ಪಾಪ ನಿಷ್ಠೆಯಿಂದ ತೆಗೆದಿದೆ. ಡೇಲೈಟ್‌ಗೆ ಕಟ್ಟಿಡು, 5,200-5,500 ಕೆಲ್ವಿನ್, ಮತ್ತೆ ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದ ಕಚ್ಚಾ ಫೈಲ್, ಅಂದೆ. "ರಾ ತುಂಬಾ ಜಾಗ ತಿನ್ನುತ್ತೆ." ಇಪ್ಪತ್ತೇಳು ಸ್ಟಿಕ್ಕರ್‌ಗೆ ಜಾಗ ಇದೆಯಂತೆ.

ಕರೆಂಟು ಹೋಯಿತು. ಬಂತು.

ಧೂಳಿಂದಲೇ ಮರಳುಗಾಡಿನ ಸಂಜೆಗೆ ಬಣ್ಣ ಅಂತ ಅವಳಿಗೆ ಅಲ್ಲಿ ಯಾರೋ ಹೇಳಿದರಂತೆ. ಎಲ್ಲರೂ ಹೇಳುತ್ತಾರೆ, ಸರಿಯಲ್ಲ. ನೀಲಿಯನ್ನು ಚದುರಿಸಿ ಕೆಂಪನ್ನು ಉಳಿಸಿಕೊಡುವುದು ಗಾಳಿಯ ಅಣುಗಳು, ಬೆಳಕಿನ ಅಲೆಗಿಂತ ಎಷ್ಟೋ ಸಣ್ಣವು. ದಪ್ಪ ಧೂಳು ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತದೆ, ಆಕಾಶ ರಾಗಿ ಅಂಬಲಿಯಂತೆ ಮಂಕಾಗುತ್ತದೆ. ಮಳೆ ಬಿಟ್ಟ ಸಂಜೆ ಕೊಡಚಾದ್ರಿಯಲ್ಲಿ ಬಣ್ಣ ಅಷ್ಟು ಗಾಢವಾಗಿರುವುದು ಧೂಳು ತೊಳೆದುಹೋಗಿರುವುದಕ್ಕೇ. ಥಾರ್‌ನ ಧೂಳಿನಿಂದ ಲಾಭ ಒಂದಿದೆ. ದಿಗಂತಕ್ಕೆ ಇನ್ನೂ ಒಂದೆರಡು ಡಿಗ್ರಿ ಇರುವಾಗಲೇ ಬಿಂಬ ಮಂಕಾಗುವುದರಿಂದ ಉದ್ದ ಲೆನ್ಸಿನಲ್ಲಿ ಅದನ್ನು ಸುಡದೆ ಹಿಡಿಯಬಹುದು. ಆದರೆ ಟೆಲಿ ಲೆನ್ಸ್ ಹಾಕಿ ಸೂರ್ಯನ ಕಡೆ ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಡಬಾರದು. ಕಣ್ಣು ಹೋಗುತ್ತದೆ, ಉತ್ಪ್ರೇಕ್ಷೆ ಅಲ್ಲ.

ಒಂಟೆ ಬೇಕೇ ಬೇಕಂತೆ, ಸೂರ್ಯನ ಒಳಗೆ. ಸರಿ. ಸೂರ್ಯನ ಅಗಲ ಅರ್ಧ ಡಿಗ್ರಿಗಿಂತ ಚೂರು ಜಾಸ್ತಿ. ವಸ್ತುವಿನ ಎತ್ತರದ ಸುಮಾರು 108 ಪಟ್ಟು ದೂರ ನಿಂತರೆ ಅದೂ ಸೂರ್ಯನೂ ಒಂದೇ ಅಳತೆ. ಸವಾರನೂ ಸೇರಿ ಒಂಟೆ ಮೂರು ಮೀಟರ್ ಅಂದುಕೊಂಡರೆ 325 ಮೀಟರ್. ಹತ್ತಿರ ಹೋದಷ್ಟೂ ಒಂಟೆ ದೊಡ್ಡದಾಗಿ ಸೂರ್ಯ ಅದರ ಹೊಟ್ಟೆಯ ಹಿಂದೆ ಅಡಗುತ್ತಾನೆ. ಸೆನ್ಸರ್ ಮೇಲೆ ಬಿಂಬದ ಗಾತ್ರ ಬೇಕಾದರೆ ಲೆನ್ಸಿನ ಮಿಲಿಮೀಟರನ್ನು ಅದೇ 108ರಿಂದ ಭಾಗಿಸುವುದು: ಕಿಟ್ ಲೆನ್ಸಿನ 55ರಲ್ಲಿ ಅರ್ಧ ಮಿಲಿಮೀಟರ್, 300ರಲ್ಲಿ ಎರಡೂಮುಕ್ಕಾಲು. ಅವಳ ಸೆನ್ಸರ್ ಎತ್ತರ ಹದಿನೈದು ಚಿಲ್ಲರೆ. 55ರಲ್ಲಿ ತೆಗೆದರೆ ಸಾಸಿವೆ ಕಾಳು, ಅಷ್ಟೇ. ಅಂಚು ತಾಗಿದಾಗಿಂದ ಪೂರ್ತಿ ಮುಳುಗುವವರೆಗೆ ಸಿಗುವುದು ಎರಡೂವರೆ ನಿಮಿಷ. ಒಂಟೆಯವರಿಗೆ ಮೊದಲೇ ಮಾತಾಡಿರಬೇಕು.

ಹೊಸ ವರ್ಷದ ಜನ ಸಮ್‌ನಲ್ಲಿ. ಊರಿಂದ ನಲವತ್ತು ಕಿಲೋಮೀಟರ್, ಎಲ್ಲ ಜೀಪೂ ಅಲ್ಲಿಗೇ. ಅವಳ ಒಂದು ಫೋಟೋದ ಕಪ್ಪು ಭಾಗವನ್ನು ಬೆಳಗಿಸಿ ನೋಡಿದರೆ ಮರಳೆಲ್ಲ ಉತ್ತ ಗದ್ದೆ. ನಾಳೆ ಖುರಿ ಹಳ್ಳಿಯ ದಿಬ್ಬಗಳ ಕಡೆ ಹೋಗು, ಇಲ್ಲವಾದರೆ ಸಮ್‌ನಲ್ಲೇ ಬೆಳಗ್ಗೆ ಹೋಗು, ರಾತ್ರಿ ಗಾಳಿ ಬೀಸಿದ್ದರೆ ಹೆಜ್ಜೆಗಳನ್ನೆಲ್ಲ ಒರೆಸಿಟ್ಟಿರುತ್ತದೆ ಅಂದೆ. ನಿನ್ನ ಹೆಜ್ಜೆ ನಿನ್ನ ಹಿಂದಿರಲಿ. ಚೆಂದ ಕಂಡಿತು ಅಂತ ನೆತ್ತಿಯ ಗೆರೆಯ ಮೇಲೆ ನಡೆದುಬಿಟ್ಟರೆ ಆ ದಿಬ್ಬದ ಕಥೆ ಆ ಸಂಜೆಗೆ ಮುಗಿಯಿತು.

ಮುಖ್ಯವಾದ್ದು ಹೇಳಲು ಮರೆತಿದ್ದೆ, ಮತ್ತೆ ಫೋನ್ ಮಾಡಿದೆ. ನಾಡಿದ್ದು ಬನದ ಹುಣ್ಣಿಮೆ. ನಾಳೆ ಚಂದ್ರ ಹುಟ್ಟುವುದು ಸೂರ್ಯ ಮುಳುಗಲು ಸುಮಾರು ಒಂದು ಗಂಟೆ ಇರುವಾಗಲೇ, ನಾಡಿದ್ದು ಹೆಚ್ಚುಕಡಿಮೆ ಸೂರ್ಯ ಮುಳುಗುವ ಹೊತ್ತಿಗೇ. ಎರಡೂ ದಿನ ಈಶಾನ್ಯದ ಕಡೆ. ಸೂರ್ಯ ಹೋದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿ ಜೀಪು ಹತ್ತುತ್ತಾರೆ, ನೀನು ಆಗ ಹಿಂದಕ್ಕೆ ತಿರುಗು. ಹತ್ತು ನಿಮಿಷದಲ್ಲಿ ದಿಗಂತದ ಬುಡದಲ್ಲಿ ನೀಲಿ-ಬೂದು ಪಟ್ಟಿ ಏಳುತ್ತದೆ, ಅದು ಭೂಮಿಯ ನೆರಳು. ಅದರ ಮೇಲೆ ಗುಲಾಬಿ ಪಟ್ಟಿ. ನಮ್ಮ ಕಡೆ ಗುಡ್ಡ ಅಡ್ಡ ಬಂದು ಅದು ಸರಿಯಾಗಿ ಕಾಣುವುದೇ ಅಪರೂಪ. ನಾಡಿದ್ದು ಚಂದ್ರ ಆ ಪಟ್ಟಿಗಳನ್ನು ಹಾಯ್ದೇ ಮೇಲೆ ಬರಬೇಕು. ಮರಳಿನ ಬೆಳಕೂ ಚಂದ್ರನ ಬೆಳಕೂ ಒಂದೇ ಎಕ್ಸ್‌ಪೋಷರ್‌ಗೆ ಸಿಗುವುದು ಆ ಸ್ವಲ್ಪ ಹೊತ್ತು ಮಾತ್ರ. ಕತ್ತಲಾದ ಮೇಲೆ ಚಂದ್ರ ಬರೀ ಬಿಳಿ ತೂತು.

"ಆಗ ಲೆನ್ಸ್ ಬದಲಾಯಿಸ್ಲಾ?"

ಬೇಡ! ದಿಬ್ಬದ ಮೇಲೆ ಲೆನ್ಸ್ ಬಿಚ್ಚಬಾರದು. ಗಾಳಿ ಎದ್ದರೆ ಮೊಣಕಾಲೆತ್ತರಕ್ಕೆ ಮರಳು ಹರಿಯುತ್ತಿರಬಹುದು. ಯಾವ ಲೆನ್ಸ್ ಅಂತ ರೂಮಿನಲ್ಲೇ ತೀರ್ಮಾನ ಮಾಡಿ ಹಾಕಿಕೊಂಡು ಹೋಗುವುದು, ಮುಂದೆ ಒಂದು ಯುವಿ ಫಿಲ್ಟರ್. ಗಾಜಿನ ಮೇಲೆ ಮರಳು ಕಂಡರೆ ಬಟ್ಟೆ ಮುಟ್ಟಿಸಬೇಡ, ಒರೆಸಿದರೆ ಉಪ್ಪುಕಾಗದ ತಿಕ್ಕಿದ ಹಾಗೆ. ಮೊದಲು ರಬ್ಬರ್ ಬ್ಲೋವರ್, ಆಮೇಲೆ ಮೆತ್ತನೆ ಬ್ರಷ್. ಬಾಯಿಂದ ಊದಿದರೆ ಎಂಜಲು. ರಾತ್ರಿ ಚಳಿಯಿಂದ ಬಿಸಿ ರೂಮಿಗೆ ಬರುವ ಮುಂಚೆ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಮುಚ್ಚಿ ಅರ್ಧ ಗಂಟೆ ಬಿಡು, ಬೆವರು ಕವರಿನ ಮೇಲೆ ಕೂರಲಿ. ಬ್ಯಾಟರಿ ಒಳಜೇಬಿನಲ್ಲಿ.

ಟ್ರೈಪಾಡ್ ನನ್ನದು, ಹಾಗಾಗಿ ಇದು ಎರಡು ಸಲ ಹೇಳಿದೆ. ಕಾಲಿನ ಕೆಳಗಿನ ಸಪೂರ ಕೊಳವೆಯನ್ನೇ ಮೊದಲು ಪೂರ್ತಿ ಎಳೆಯಬೇಕು, ಲಾಕ್ ಮರಳಿಗಿಂತ ಮೇಲೆ ಉಳಿಯುತ್ತದೆ. ನಿಲ್ಲಿಸಿದ ಮೇಲೆ ಒಂದು ಸಲ ಒತ್ತಿ ಕೂರಿಸಬೇಕು, ಇಲ್ಲದಿದ್ದರೆ ಅರ್ಧ ಸೆಕೆಂಡ್ ಎಕ್ಸ್‌ಪೋಷರ್‌ನಲ್ಲೇ ನಿಧಾನ ಇಳಿದು ಫೋಟೋ ಅಲುಗುತ್ತದೆ. ಮಡಚುವ ಮುಂಚೆ ಒಣ ಬಟ್ಟೆಯಲ್ಲಿ ಕೊಳವೆ ಒರೆಸಬೇಕು. ತಿರುಪು ಲಾಕ್ ಕರಕರ ಅಂದರೆ ಬಲ ಹಾಕಬಾರದು, ಹಾಗೇ ತರಲಿ. ಇಲ್ಲಿ ಬಿಚ್ಚಿ ನೀರಲ್ಲಿ ತೊಳೆದು ಒಣಗಿಸಿ ಚೂರು ಗ್ರೀಸ್ ಹಚ್ಚಿದರಾಯಿತು. ಅವರಿಗೆ ಮರಳು, ನಮಗೆ ಬೂಷ್ಟು. ಡಬ್ಬಿಯ ಸಿಲಿಕಾ ಜೆಲ್ ನೀಲಿ ಇದ್ದದ್ದು ಮತ್ತೆ ಗುಲಾಬಿಯಾಗಿದೆ, ನಾಳೆ ಬಾಣಲೆಯಲ್ಲಿ ಬಿಸಿ ಮಾಡಬೇಕು.

ಈಗ ಗೇಟಿಗೆ ಬೀಗ ಹಾಕಿ ಬಂದೆ. ಗೀಚಿದ ಅಲೆಗಳ ಮೇಲೆ ಯಾವುದೋ ಬೆಕ್ಕು ನಡೆದುಹೋಗಿದೆ, ನೇರ ನೆತ್ತಿಯ ತನಕ. ಟಾರ್ಚನ್ನು ಮತ್ತೆ ನೆಲಕ್ಕೆ ತಾಗಿಸಿ ನೋಡಿದೆ. ಒಂದೊಂದು ಹೆಜ್ಜೆಯ ಒಳಗೂ ಒಂದು ಅಂಚು ಬೆಳಕು, ಒಂದು ಅಂಚು ಕತ್ತಲು. ಹೆಜ್ಜೆ ಬೀಳಲೇಬಾರದು ಅಂತ ಅವಳಿಗೆ ಅಷ್ಟು ಖಂಡಿತವಾಗಿ ಹೇಳಿದೆನಲ್ಲ, ಒಂಟಿ ಸಾಲು ಆಗಿದ್ದರೆ…