ಸ್ಟ್ಯಾನ್ಲಿ ಕಪ್ ಮೊದಲು ಟಿಮೊನೆನ್ ಕೈಗೇ ಏಕೆ ಬಂತು?

ಐಸ್ ಹಾಕಿಯ ಬಗ್ಗೆ ನಾನು ಬರೆಯುತ್ತೇನೆಂದು ತಿಳಿದವರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. 2015ರ ಜೂನ್ 15ರಂದು ಶಿಕಾಗೊ ಬ್ಲ್ಯಾಕ್‌ಹಾಕ್ಸ್ ತಂಡ ಟ್ಯಾಂಪಾ ಬೇ ತಂಡವನ್ನು ಮಣಿಸಿ, ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಚಾಂಪಿಯನ್ನರಿಗೆ ಸಲ್ಲುವ ಸ್ಟ್ಯಾನ್ಲಿ ಕಪ್ ಗೆದ್ದಾಗ, ನಾಯಕ ಜೊನಾಥನ್ ಟೇವ್ಸ್ ಅದನ್ನು ಮೊಟ್ಟಮೊದಲು ಕಿಮ್ಮೊ ಟಿಮೊನೆನ್ ಅವರ ಕೈಗೆ ಕೊಟ್ಟರು. ಫೆಬ್ರವರಿಯ ಕೊನೆಯಲ್ಲಷ್ಟೇ ತಂಡಕ್ಕೆ ಬಂದು, ಪಂದ್ಯಕ್ಕೆ ಕೆಲವೇ ನಿಮಿಷ ಆಡುತ್ತಿದ್ದ ನಲವತ್ತರ ರಕ್ಷಣಾ ಆಟಗಾರನಿಗೆ ಸಂದ ಆ ಗೌರವ ಬರೀ ದಾಕ್ಷಿಣ್ಯದ್ದಲ್ಲವೇ?

ಶಿಕಾಗೊದ ಆ ಕೆಲವು ತಿಂಗಳ ಆಟವನ್ನಷ್ಟೇ ತೂಗಿದರೆ ಹೌದೆನ್ನಬೇಕು. ನಾನು ತೂಗುವುದು ಅದಕ್ಕಿಂತ ಹಿಂದಿನದನ್ನು.

ಫಿನ್ಲೆಂಡಿನ ಕುವೊಪಿಯೊದಲ್ಲಿ 1975ರಲ್ಲಿ ಹುಟ್ಟಿದ ಟಿಮೊನೆನ್ ಅವರನ್ನು 1993ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಲಾಸ್ ಏಂಜಲೀಸ್ ತಂಡ ಆರಿಸಿಕೊಂಡದ್ದು 250ನೆಯವರಾಗಿ. ರಕ್ಷಣೆಗೆ ಆಜಾನುಬಾಹುಗಳನ್ನೇ ಹುಡುಕುತ್ತಿದ್ದ ಆ ಕಾಲದಲ್ಲಿ ಐದಡಿ ಹತ್ತಿಂಚಿನ ಹುಡುಗನ ಮೇಲೆ ಯಾರಿಗೂ ಹೆಚ್ಚಿನ ಭರವಸೆ ಇರಲಿಲ್ಲವೆಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ. 1998ರಲ್ಲಿ ಅವರು ಹೊಸದಾಗಿ ಹುಟ್ಟಿದ ನ್ಯಾಶ್‌ವಿಲ್ ತಂಡಕ್ಕೆ ಬಂದರು, ಅಲ್ಲೇ ಬೆಳೆದು ಕೊನೆಗೆ ನಾಯಕರೂ ಆದರು.

ಅವರ ಆಟದ ಸೊಗಸು ಕಾಣುವುದು ತಮ್ಮದೇ ಗೋಲಿನ ಹಿಂಬದಿಯ ಮೂಲೆಯಲ್ಲಿ. ಎದುರಾಳಿಗಳು ಎಸೆದ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಅತ್ತ ಜಾರಿ ಹೋಗಿದೆ, ಅದನ್ನು ತರಲು ಹೊರಟವನ ಬೆನ್ನಿಗೆ ಎದುರಾಳಿ ಧಾವಿಸುತ್ತಿದ್ದಾನೆ. ದೇಹಬಲವುಳ್ಳವನು ಡಿಕ್ಕಿಯನ್ನು ಸಹಿಸಿ ನಿಲ್ಲಬಹುದು. ಟಿಮೊನೆನ್ ಮಾತ್ರ ಪಕ್ ಮುಟ್ಟುವ ಮೊದಲೇ ಭುಜದ ಮೇಲಿಂದ ಹಿಂದೆ ನೋಡಿ, ಸಹ ಆಟಗಾರ ಎಲ್ಲಿದ್ದಾನೆಂದು ಗುರುತಿಸಿಕೊಂಡು, ಡಿಕ್ಕಿ ಬೀಳುವಷ್ಟರಲ್ಲಿ ಪಕ್ ಸಾಗಿಸಿಬಿಡುತ್ತಿದ್ದರು. ಲೆಕ್ಕದ ಪಟ್ಟಿಯಲ್ಲಿ ಈ ಕೆಲಸಕ್ಕೆ ಅಂಕವಿಲ್ಲ. ಆದರೂ 1,108 ಪಂದ್ಯಗಳಲ್ಲಿ ಅವರು 117 ಗೋಲು ಹೊಡೆದರು, 454 ಗೋಲುಗಳಿಗೆ ನೆರವಾದರು. ದೇಶದ ಪರವಾಗಿ ಐದು ಒಲಿಂಪಿಕ್ಸ್ ಆಡಿ ನಾಲ್ಕು ಪದಕ ಗೆದ್ದದ್ದು ಬೇರೆ.

2007ರಲ್ಲಿ ಅವರು ಫಿಲಡೆಲ್ಫಿಯಾ ತಂಡ ಸೇರಿದರು. 2010ರಲ್ಲಿ ಶಿಕಾಗೊ ವಿರುದ್ಧದ ಫೈನಲ್ ಸರಣಿಯ ಆರನೆಯ ಪಂದ್ಯ ಅಲ್ಲಿಯೇ ನಡೆದು ಹೆಚ್ಚುವರಿ ಅವಧಿಗೆ ಹೋಯಿತು. ಅವರ ತವರಿನ ಪ್ರೇಕ್ಷಕರೆದುರಿಗೇ ಶಿಕಾಗೊ ಕಪ್ ಗೆದ್ದಿತು. ಅಂದು ಅದನ್ನು ಎತ್ತಿದ ನಾಯಕರೂ ಇದೇ ಟೇವ್ಸ್.

2014ರ ಆಗಸ್ಟ್‌ನಲ್ಲಿ ಟಿಮೊನೆನ್ ಅವರ ಕಾಲಿನಲ್ಲೂ ಶ್ವಾಸಕೋಶಗಳಲ್ಲೂ ರಕ್ತ ಹೆಪ್ಪುಗಟ್ಟಿರುವುದು ಗೊತ್ತಾಯಿತು. ರಕ್ತ ತಿಳಿಯಾಗಿಸುವ ಔಷಧಿ ಸೇವಿಸುತ್ತಿರುವವರಿಗೆ ಐಸ್ ಹಾಕಿಯ ಒಂದು ಡಿಕ್ಕಿಯೂ ಮಾರಕ ರಕ್ತಸ್ರಾವಕ್ಕೆ ದಾರಿಯಾಗಬಹುದು. ಎಲ್ಲರೂ ಅವರ ಆಟ ಮುಗಿಯಿತೆಂದೇ ತಿಳಿದಿದ್ದರು. ವೈದ್ಯರು ಒಪ್ಪಿಗೆ ಕೊಡುವವರೆಗೂ ಕಾದು ಮರಳಿದ ಅವರನ್ನು ಶಿಕಾಗೊ ತನ್ನ ತಂಡಕ್ಕೆ ಕರೆಸಿಕೊಂಡಿತು. ಆ ಋತುವೇ ತಮ್ಮ ಕೊನೆಯದೆಂದು ಅವರು ಆಗಲೇ ನಿರ್ಧರಿಸಿದ್ದರು.

ತಾನು ಎತ್ತಿದ ಕಪ್ಪನ್ನು ಮೊದಲು ಯಾರಿಗೆ ದಾಟಿಸಬೇಕೆಂಬುದು ನಾಯಕನ ಆಯ್ಕೆ; ಬಹುಕಾಲ ಕಾದವರಿಗೆ ಅದನ್ನು ಕೊಡುವುದು ಈ ಆಟದಲ್ಲಿ ಅಪರೂಪವೇನಲ್ಲ. ಶಿಕಾಗೊದ ಹಲವರು 2010 ಮತ್ತು 2013ರಲ್ಲಿ ಅದನ್ನು ಎತ್ತಿದ್ದರು. ಟಿಮೊನೆನ್ ಅವರಿಗಾದರೋ ಅದು ಹದಿನಾರನೆಯ ಋತು, ಮತ್ತು ಕೈಗೆ ಬಂದ ಮೊದಲ ಕಪ್. ಟೇವ್ಸ್ ಜಾಗದಲ್ಲಿ ನಾನಿದ್ದರೂ ಬೇರೆಯವರತ್ತ ತಿರುಗುತ್ತಿರಲಿಲ್ಲ.